ಒಸಿ ದೊಡ್ದು ಮಾಡಪ್ಪಾ

ನಮ್ಮ ಮಿರ್ಲೆ ಸೀಮೆಯಲ್ಲಿ ವೆಬ್‌ಸೈಟ್ ಮಾಡಿಸಲು ಬಂದವರು ಮೊದಲು ಕೈಗೆ ಕೊಡುವುದು ತೀರಿಹೋದ ಅಪ್ಪನ ಫೋಟೋ. ಅಡ್ವಾನ್ಸ್ ಆಮೇಲೆ. ಏನು ವ್ಯಾಪಾರ, ಯಾರಿಗೆ ಮಾರುತ್ತಾರೆ, ಅಂಗಡಿ ಎಷ್ಟೊತ್ತಿಗೆ ತೆಗೆಯುತ್ತಾರೆ ಎಂಬುದೆಲ್ಲ ಕಡೆಗೆ ಬರುವ ಮಾತು. ಕೆಲವು ಸಲ ಕಡೆಗೂ ಬರುವುದಿಲ್ಲ. ಆ ಫೋಟೋವನ್ನಾದರೂ ನೆಟ್ಟಗೆ ಕೊಡುತ್ತಾರೆಯೇ? ಗೋಡೆಯ ಮೇಲಿನ ಗಾಜಿನ ಕಟ್ಟನ್ನು ಇಳಿಸದೆ, ಗಂಧದ ಹಾರವನ್ನೂ ಸರಿಸದೆ, ಕೆಳಗೆ ನಿಂತು ಮೊಬೈಲಿನಲ್ಲಿ ಹೊಡೆದದ್ದು. ಫ್ಲ್ಯಾಶಿನ ಬಿಳಿ ಬೊಟ್ಟು ಸರಿಯಾಗಿ ಅಪ್ಪನ ಮೂಗಿನ ಮೇಲೆ ಕೂತಿರುತ್ತದೆ. ಅಪ್ಪನ ಹೊಟ್ಟೆ ಇರಬೇಕಾದ ಜಾಗದಲ್ಲಿ ಮೊಬೈಲ್ ಎತ್ತಿ ಹಿಡಿದ ಮಗನ ನೆರಳು, ಅವನ ಹೆಗಲ ಹಿಂದೆ ಉರಿಯುವ ಟ್ಯೂಬ್‌ಲೈಟು, ಅದರಾಚೆ ಬಾಗಿಲಲ್ಲಿ ನಿಂತು ಬೆರಳು ಚೀಪುತ್ತಿರುವ ಮೊಮ್ಮಗಳು. ಮೂರು ತಲೆಮಾರು ಒಂದೇ ಗಾಜಿನಲ್ಲಿ.

"ಇದ್ನ ಒಸಿ ಕ್ಲಿಯರ್ ಮಾಡಿ ಮೇಲ್ಗಡೆ ಹಾಕ್ಬುಡಪ್ಪ. ಹಾರ ತೆಗೀಬೇಡ. ಮಿಕ್ಕಿದ್ದೆಲ್ಲ ನಿಂಗೇ ಬುಟ್ಟಿದ್ದು."

ಮಿಕ್ಕಿದ್ದೆಲ್ಲ ನನಗೇ ಬಿಟ್ಟಿದ್ದು ಎಂದರೆ ನಂಬಬಾರದು. ಅಪ್ಪ ಆದ ಮೇಲೆ ಮನೆದೇವರು, ಮನೆದೇವರು ಆದ ಮೇಲೆ ಮಠದ ಸ್ವಾಮೀಜಿ, ಅವರ ಪಕ್ಕ ಶಾಸಕರು, ಶಾಸಕರ ಎದುರಿಗೆ ಮಾಜಿ ಶಾಸಕರು. ಮಾಜಿಯವರನ್ನು ಬಿಡುವಂತಿಲ್ಲ, ಮುಂದಿನ ಸಲ ಅವರೇ ಹಾಲಿ ಆದರೆ? ಇದೆಲ್ಲ ಫ್ಲೆಕ್ಸಿನಿಂದ ಬಂದ ವ್ಯಾಕರಣ. ಯಾರ ತಲೆ ಎಷ್ಟು ದೊಡ್ಡದು, ಯಾರು ಯಾರ ಎಡಕ್ಕೆ, ಯಾರು ಕೈ ಮುಗಿದಿರಬೇಕು, ಯಾರು ಮೊಬೈಲಿನಲ್ಲಿ ಮಾತಾಡುತ್ತಿರಬೇಕು ಎಂಬುದೆಲ್ಲ ಅಲ್ಲಿ ಈಗಾಗಲೇ ತೀರ್ಮಾನವಾಗಿದೆ. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ಆ ಸುದ್ದಿ ಕೆ.ಆರ್. ನಗರದ ಕಡೆಗೆ ಹೊರಟಿದೆ, ಇನ್ನೂ ದಾರಿಯಲ್ಲಿದೆ.

ಎಡ ಬಲದ ವಿಷಯದಲ್ಲಿ ನಾನು ಒಮ್ಮೆ ಶಾಸ್ತ್ರ ಹೇಳಲು ಹೋದೆ. ಅಕ್ಕಿ ಗಿರಣಿಯ ಗೌಡರು ತಮ್ಮ ಮತ್ತು ಮನೆಯವರ ಫೋಟೋ ಜೊತೆಯಾಗಿ ಹಾಕಲು ಹೇಳಿದ್ದರು. ಹೆಂಡತಿ ಗಂಡನ ಬಲಕ್ಕೆ ಇರಲಿ ಎಂದರು. "ಗೌಡ್ರೇ, ಸಾಮಾನ್ಯವಾಗಿ ಎಡಕ್ಕಲ್ವಾ ಇರೋದು?" ಎಂದೆ. ಅವರು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿ, "ಚುಂಚನಕಟ್ಟೆಗೆ ಹೋಗಿದ್ದೀಯಾ? ಅಲ್ಲಿ ಸೀತಮ್ಮ ರಾಮನ ಯಾವ ಪಕ್ಕಕ್ಕವ್ಳೆ?" ಎಂದರು. ಬಲಕ್ಕೆ. ಮಾತು ಮುಗಿಯಿತು. ಪಕ್ಕದಲ್ಲೇ ಕಾವೇರಿ ಧುಮುಕುವ ಜಾಗದಲ್ಲಿ ಕೋದಂಡರಾಮನೇ ಒಪ್ಪಿಕೊಂಡ ಲೇಔಟನ್ನು ತಿದ್ದಲು ನಾನ್ಯಾರು?

ಈ ಕಸುಬಿನ ಇಂಗ್ಲಿಷ್ ಪುಸ್ತಕಗಳು ಬೇರೆಯೇ ಪಾಠ ಹೇಳುತ್ತವೆ. ಮೊದಲು ಗಿರಾಕಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಬೇಕಂತೆ: ನಿಮ್ಮ ಉದ್ದೇಶವೇನು, ನಿಮ್ಮ ಬಳಕೆದಾರರು ಯಾರು, ಅವರ ವಯಸ್ಸೆಷ್ಟು, ಅವರ ಅಗತ್ಯವೇನು. ನಾನೂ ಕೇಳುತ್ತೇನೆ.

"ಈ ಸೈಟ್ ಯಾರು ನೋಡ್ಬೇಕು ಗೌಡ್ರೇ?"

"ಎಲ್ರೂ ನೋಡ್ಬೇಕು."

"ಎಲ್ರೂ ಅಂದ್ರೆ?"

"ಎಲ್ರೂ ಅಂದ್ರೆ ಎಲ್ರೂವೆ. ಅದ್ರಲ್ಲೂ ನಮ್ಮ ದಾಯಾದಿಗಳು ನೋಡ್ಬೇಕು."

ಇಷ್ಟು ಖಚಿತವಾದ ಉತ್ತರ ಯಾವ ಬೆಂಗಳೂರಿನ ಕಂಪನಿಯ ಮೀಟಿಂಗಿನಲ್ಲೂ ಸಿಗಲಾರದು. ಅಲ್ಲಿಂದ ಮುಂದೆ ಕೆಲಸವೂ ಸಲೀಸು. ದಾಯಾದಿಗಳು ನೋಡಿ ಹೊಟ್ಟೆ ಉರಿದುಕೊಳ್ಳುವಂಥ ಹಸಿರು ಯಾವುದು ಅಂತ ಹುಡುಕುವುದಷ್ಟೇ ಬಾಕಿ. (ಸೈಟು ಅಂದ ಕೂಡಲೇ "ಮೂವತ್ತು-ನಲವತ್ತಾ, ಖಾತೆ ಆಗಿದ್ಯಾ" ಎಂದು ಕೇಳುವ ಜೋಕು ಹಳೆಯದಾಯಿತು. ಅದನ್ನು ನನಗೆ ಹೇಳದ ಗಿರಾಕಿ ಇಲ್ಲ. ಪ್ರತಿಸಲವೂ ನಗುತ್ತೇನೆ, ಬಾಕಿ ಬರಬೇಕಲ್ಲ.)

1991ರ ಆಗಸ್ಟಿನಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್‌ಸೈಟನ್ನು ಹೊರಗಿನವರಿಗೆ ತೋರಿಸಿದಾಗ ಅದರಲ್ಲಿ ಫೋಟೋ ಇರಲಿಲ್ಲ, ಲೋಗೋ ಇರಲಿಲ್ಲ, ಬಣ್ಣದ ಪಟ್ಟಿ ಇರಲಿಲ್ಲ. ಬರೀ ಅಕ್ಷರ, ಒಂದಿಷ್ಟು ಕೊಂಡಿ. ಇವತ್ತಿಗೂ ಅದರ ಚೊಕ್ಕತನವನ್ನು ಡಿಸೈನರುಗಳು ಕೊಂಡಾಡುತ್ತಾರೆ. ಕಾರಣ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅವರಿಗೆ ಗಿರಾಕಿ ಇರಲಿಲ್ಲ. ಇದ್ದಿದ್ದರೆ ಕೆಳಗಡೆ ನ್ಯೂಸ್ ಚಾನೆಲ್ಲಿನ ಥರ ಅಕ್ಷರ ಓಡುತ್ತಿತ್ತು.

ಆ ಓಡುವ ಅಕ್ಷರದ ಮೇಲೆ ನಮ್ಮವರಿಗೆ ಬಲು ಪ್ರೀತಿ. ಮಾರ್ಕೀ ಅಂತ ಅದರ ಹೆಸರು. ಒಂದು ಕಾಲಕ್ಕೆ ಮೈಕ್ರೋಸಾಫ್ಟಿನವರು ತಮ್ಮ ಬ್ರೌಸರಿಗಾಗಿ ತಂದದ್ದು. ಈಗ ಅದನ್ನು ಬಳಸಬೇಡಿ ಎಂದು ವೆಬ್ಬಿನ ನಿಯಮ ಬರೆಯುವವರೇ ಹೇಳಿಬಿಟ್ಟಿದ್ದಾರೆ, ಆದರೂ ಬ್ರೌಸರುಗಳು ಇನ್ನೂ ಓಡಿಸುತ್ತವೆ. ಇನ್ನೊಂದು ಪ್ರೀತಿ ಹಾಡು. ಸೈಟ್ ತೆಗೆದ ತಕ್ಷಣ ಸುಪ್ರಭಾತ ಬರಬೇಕು. ಇದಕ್ಕೆ ಮಾತ್ರ ನನ್ನ ಹತ್ತಿರ ಗಟ್ಟಿಯಾದ ಉತ್ತರವಿದೆ: 2018ರಿಂದ ಕ್ರೋಮ್, ನೋಡುವವನು ಮುಟ್ಟದೆ ಪುಟ ತಾನಾಗಿ ಸದ್ದು ಮಾಡುವುದನ್ನು ತಡೆದಿದೆ. "ನಾನಲ್ಲ ಅಣ್ಣ, ಗೂಗಲ್‌ನೋರು ಬಿಡಾಕಿಲ್ಲ" ಎನ್ನುತ್ತೇನೆ. ಸರ್ಕಾರಿ ಕಚೇರಿಯಲ್ಲಿ "ಮೇಲಿನೋರ ಆರ್ಡರು" ಎಂದು ಹೇಳುವವರಿಗೆ ಎಷ್ಟು ಸುಖ ಇರುತ್ತದೆ ಅಂತ ಆಗ ಗೊತ್ತಾಗುತ್ತದೆ.

ವಾಸ್ತು ಹಿಡಿದು ಬಂದವರಿಗೆ ಮಾತ್ರ ಗೂಗಲ್ಲೂ ಉತ್ತರ ಕೊಡದು. ಒಬ್ಬರು ಲೋಗೋ ಈಶಾನ್ಯದಲ್ಲೇ ಇರಬೇಕೆಂದರು, ಅಂದರೆ ಪರದೆಯ ಮೇಲ್ತುದಿಯ ಬಲ ಮೂಲೆ. "ನೋಡೋನು ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ರೆ ಸಾರ್?" ಎಂದು ಕೇಳಿದೆ. ಜೋಯಿಸರನ್ನು ಕೇಳಿ ಹೇಳುತ್ತೇನೆ ಎಂದು ಹೋದವರು ಇನ್ನೂ ಬಂದಿಲ್ಲ. ಜೋಯಿಸರು ಇನ್ನೂ ಯೋಚಿಸುತ್ತಿರಬೇಕು.

ಇನ್ನು ಮ್ಯಾಟರ್. ಪ್ರೆಸ್ಸಿನ ಕಾಲದಿಂದಲೂ ನಮ್ಮಲ್ಲಿ ಅಚ್ಚಾಗಬೇಕಾದ ಬರಹಕ್ಕೆ ಮ್ಯಾಟರ್ ಅಂತಲೇ ಹೆಸರು. ಮದುವೆ ಕಾರ್ಡಿಗಾದರೆ ಮ್ಯಾಟರ್ ಓಡೋಡಿ ಬರುತ್ತದೆ, ಸೋದರತ್ತೆಯ ಕಡೆಯ ಕೂಸಿನ ಹೆಸರು ಕೂಡ ಬಿಟ್ಟುಹೋಗುವುದಿಲ್ಲ. ವೆಬ್‌ಸೈಟಿನ ಮ್ಯಾಟರ್ ಕೇಳಿ ನೋಡಿ. "ನಾಳೆ ಕೊಡ್ತೀನಿ" ಎನ್ನುತ್ತಾರೆ. ಆ ನಾಳೆ ನಾಟಿಗೆ ಮುಂಚೆ ಶುರುವಾದರೆ ಕೊಯ್ಲಿನ ತನಕ ನಡೆಯುತ್ತದೆ. ಅಲ್ಲಿಯವರೆಗೆ ಖಾಲಿ ಜಾಗ ತೋರಿಸಲಾಗದೆ ಲೋರೆಂ ಇಪ್ಸಂ ತುಂಬುತ್ತೇವೆ. ಕ್ರಿಸ್ತಪೂರ್ವ 45ರಲ್ಲಿ ರೋಮಿನ ಸಿಸೆರೊ ಒಳಿತು ಕೆಡುಕಿನ ಬಗ್ಗೆ ಬರೆದ ಲ್ಯಾಟಿನ್ ಗ್ರಂಥವನ್ನು ಯಾರೋ ಕುಟ್ಟಿ ಪುಡಿ ಮಾಡಿ ಮಾಡಿದ ಅರ್ಥವಿಲ್ಲದ ಸಾಲುಗಳು ಅವು. 1960ರ ದಶಕದಲ್ಲಿ ಲೆಟ್ರಾಸೆಟ್ ಹಾಳೆಗಳಲ್ಲಿ, ಆಮೇಲೆ ಪೇಜ್‌ಮೇಕರಿನಲ್ಲಿ ಹರಿದುಬಂದು ಈಗ ಜಗತ್ತಿನ ಎಲ್ಲ ಡಿಸೈನರುಗಳ ಗಂಟಲ ತುತ್ತು.

ನಮ್ಮ ಗಿರಣಿ ಗೌಡರಿಗೆ ಮೊದಲ ನಮೂನೆ ತೋರಿಸಿದಾಗ ಆ ಲ್ಯಾಟಿನ್ನಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಇದ್ಯಾವ ಭಾಷೆ ಎಂದರು. ವಿವರಿಸಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ತಲೆಯಾಡಿಸಿ, "ಇರ್ಲಿ ಬುಡು, ಕೇರಳದೋರ್ಗೆ ಆಯ್ತದೆ" ಎಂದು ಒಪ್ಪಿಗೆ ಕೊಟ್ಟರು. ಅವರ ತರ್ಕ ಸರಿಯಾಗೇ ಇದೆ. ನಮ್ಮ ಕಡೆ ಬೆಳೆಯುವ ಜ್ಯೋತಿ ಭತ್ತಕ್ಕೆ ಕೇರಳದವರೇ ದೊಡ್ಡ ಗಿರಾಕಿಗಳು. ಅವರ ಲಾರಿ ಬಂದರೆ ಗಿರಣಿ, ಇಲ್ಲದಿದ್ದರೆ ಗೋಡೌನು. ಸಿಸೆರೊ ಕೂಡ ಎಲ್ಲೋ ಸಮುದ್ರದ ಆಚೆ ನಗುತ್ತಿರಬೇಕು, ಒಟ್ಟಿನಲ್ಲಿ ಯಾರಿಗೋ ಅರ್ಥವಾಗುತ್ತದೆ ಎಂದು ನಂಬಿದವನೊಬ್ಬ ಸಿಕ್ಕಿದನಲ್ಲ ಅಂತ.

ಮ್ಯಾಟರ್ ಕೊಟ್ಟವರ ಕಥೆಯೂ ಇದೆ. ಊರ ಕಡೆಯ ಶಾಲೆಯೊಂದರ ಹಳೇ ವಿದ್ಯಾರ್ಥಿಗಳ ಸಂಘಕ್ಕೆ ಪುಟ ಮಾಡಬೇಕಿತ್ತು. ನಿವೃತ್ತ ಕನ್ನಡ ಮೇಷ್ಟ್ರು ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ ಮ್ಯಾಟರ್ ಕಳಿಸಿದರು. ತೆಗೆದರೆ ಒಳಗೆಲ್ಲ ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಪೌಂಡಿನ ಗುರುತು. ಫೋನ್ ಮಾಡಿದೆ. "ನನ್ನ ಕಂಪ್ಯೂಟರಲ್ಲಿ ಸ್ವಚ್ಛವಾಗಿ ಕಾಣ್ತಿದೆಯಲ್ಲಯ್ಯಾ" ಎಂದರು. ಅವರದೂ ಸುಳ್ಳಲ್ಲ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು.

ಇದು ನಮ್ಮ ಕನ್ನಡದ ಮನೆಯೊಳಗಿನ ಜಗಳ, ಗಿರಾಕಿಗೆ ಹೇಳಿ ಮುಗಿಯುವಂಥದ್ದಲ್ಲ. ಕೆ.ಪಿ. ರಾಯರು ಕನ್ನಡಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಬರಹ ತಂದರು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರದ ಕಚೇರಿಗಳಿಗೆಲ್ಲ ಹೋಯಿತು. ಆ ಕಾಲದ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕೂತಿದ್ದವು. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದಲ್ಲಿ ಕುರ್ಚಿ ಮಾತ್ರ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿದೆ, ನುಡಿಯೂ ಬರಹವೂ ಆಮೇಲೆ ಯೂನಿಕೋಡಿಗೆ ಬಂದಿವೆ. ಆದರೆ ಮೇಷ್ಟ್ರು ಬಂದಿರಲಿಲ್ಲ. ಬದಲಾಯಿಸಿಕೊಡುವ ತಂತ್ರಾಂಶ ಇದೆ, ಹಾಕಿದೆ. ಒಂದೆರಡು ಅರ್ಕಾವತ್ತು ದಿಕ್ಕು ತಪ್ಪಿದವು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಪರದೆಯ ಮೇಲೆಯೇ ಗೀಟು ಹಾಕಲು ಕೈ ಎತ್ತಿದರು, ಸಮಯಕ್ಕೆ ಸರಿಯಾಗಿ ಅವರ ಮೊಮ್ಮಗ ಕೈ ಹಿಡಿದ.

ಅದೇ ಮೇಷ್ಟ್ರು ಇನ್ನೊಂದು ಹಿಡಿದರು. "ಅಕ್ಷರದ ಕಾಲು ಕತ್ತರಿಸಿದೀಯಲ್ಲಯ್ಯಾ. ರಾಷ್ಟ್ರ ಅಂತ ಬರೆದಿದ್ದೀಯ, ಟ ಒತ್ತು ಅರ್ಧ, ರ ಒತ್ತು ನಾಪತ್ತೆ." ನೋಡಿದರೆ ನಿಜ. ವಿದೇಶದ ರೆಡಿಮೇಡ್ ಟೆಂಪ್ಲೇಟು ಇಂಗ್ಲಿಷಿಗೆ ಅಂತ ಮಾಡಿದ್ದು, ಅದರ ಬಟನ್ನಿನ ಎತ್ತರ, ಸಾಲಿನ ಅಂತರ ಎಲ್ಲ ಅವರ ಅಕ್ಷರದ ಮೈಕಟ್ಟಿಗೆ ಹೊಂದಿದ್ದು. ನಮ್ಮ ಅಕ್ಷರ ಅಷ್ಟಕ್ಕೆ ನಿಲ್ಲುತ್ತದೆಯೇ? ಕೆಳಗೆ ಒತ್ತಿನ ಮೇಲೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ, ಬಲಕ್ಕೆ ದೀರ್ಘ ಚಾಚುತ್ತದೆ. ಇಕ್ಕಟ್ಟಾದ ಸಾಲುಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಒದೆಯುತ್ತದೆ. ಬೆಂಗಳೂರಿನ ದೊಡ್ಡ ದೊಡ್ಡ ಕಂಪನಿಗಳ ಕನ್ನಡ ಪುಟಗಳಲ್ಲೂ ಈ ಒದೆತ ಕಾಣಬಹುದು. ಅಲ್ಲಿ ಹಿಡಿಯಲು ಮೇಷ್ಟ್ರು ಇಲ್ಲ. ಈಗ ನೋಟೊ, ಬಾಲೂ ತಮ್ಮ ಅಂತ ಚೆಂದದ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ, ಸಾಲಿನ ಅಂತರ ಒಸಿ ಧಾರಾಳ ಬಿಟ್ಟರೆ ಎಲ್ಲರ ಕಾಲಿಗೂ ಜಾಗ ಆಗುತ್ತದೆ. ಗಿರಾಕಿಗಳಲ್ಲಿ ನಾನು ಹೆದರುವುದು ಮೇಷ್ಟ್ರುಗಳಿಗೆ ಮಾತ್ರ. ಅವರು ಓದುತ್ತಾರೆ.

ಉಳಿದವರು ಮಾತಾಡುತ್ತಾರೆ, ಅದೂ ವಾಟ್ಸಾಪಿನಲ್ಲಿ, ಅದೂ ವಾಯ್ಸ್ ಮೆಸೇಜಿನಲ್ಲಿ. ಪಿರಿಯಾಪಟ್ಟಣದ ಕಡೆಯ ಒಬ್ಬ ಹೊಗೆಸೊಪ್ಪಿನ ಬೆಳೆಗಾರರ ಮಗ ಟ್ರ್ಯಾಕ್ಟರ್ ಬಾಡಿಗೆಯ ವ್ಯವಹಾರಕ್ಕೆ ಪುಟ ಮಾಡಿಸಿದ. ಅವನ ಸೂಚನೆಗಳೆಲ್ಲ ನಡುರಾತ್ರಿ ಬರುತ್ತಿದ್ದವು, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ. ಹಿನ್ನೆಲೆಯಲ್ಲಿ ಮೋಟಾರಿನ ಸದ್ದು, ಕಪ್ಪೆಗಳ ಗೋಷ್ಠಿ, ನಡುವೆ "ಅಣ್ಣ, ಆ ನೀಲಿ ಇದ್ಯಲ್ಲ..." ಆಮೇಲೆ ಕಪ್ಪೆ. "...ಅದ್ನ ತೆಗ್ದು..." ಆಮೇಲೆ ಮೋಟಾರು. ಯಾವ ನೀಲಿ ತೆಗೆದು ಯಾವುದು ಹಾಕಬೇಕು ಎಂಬುದನ್ನು ಕಪ್ಪೆಗಳೇ ಬಲ್ಲವು.

ಅವನಿಗೆ ಟ್ರ್ಯಾಕ್ಟರಿನ ಫೋಟೋ ಕೇಳಿದೆ. ವಾಟ್ಸಾಪಿನಲ್ಲಿ ಬಂತು, ಹಿಂಡಿ ಹಿಪ್ಪೆಯಾಗಿ. ವಾಟ್ಸಾಪು ಫೋಟೋವನ್ನು ಫೋಟೋ ಅಂತ ಕಳಿಸಿದರೆ ಕುಗ್ಗಿಸಿ ಕಳಿಸುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಅದನ್ನೇ ಚುಟುಕಾಗಿ ಬರೆದೆ: "ಡಾಕ್ಯುಮೆಂಟ್ ಆಗಿ ಕಳ್ಸಪ್ಪ." ಹತ್ತು ನಿಮಿಷಕ್ಕೆ ಆಧಾರ್ ಕಾರ್ಡು ಬಂತು, ಹಿಂದೆ ಮುಂದೆ ಎರಡೂ. ಅದರ ಹಿಂದೆಯೇ ಪಹಣಿ. ಅದರ ಹಿಂದೆ ಟ್ರ್ಯಾಕ್ಟರಿನ ಆರ್‌ಸಿ. ಕಡೆಗೊಂದು ವಾಯ್ಸು: "ರೇಷನ್ ಕಾರ್ಡು ಅಮ್ಮನ ಹೆಸರಲ್ಲದೆ ಅಣ್ಣ, ನಡೀತದಾ?"

ನಗಬೇಡಿ. ಅವನ ಜೀವಮಾನದಲ್ಲಿ ಯಾರು ಡಾಕ್ಯುಮೆಂಟ್ ಕೇಳಿದರೂ ಇವೇ ಕೊಟ್ಟು ಕೆಲಸ ಆಗಿದೆ. ನಮ್ಮ ಮಾತೇ ಹಾಗಿರುತ್ತದೆ. ಹೋಸ್ಟಿಂಗ್ ಅನ್ನುತ್ತೇವೆ, ರೆಸ್ಪಾನ್ಸಿವ್ ಅನ್ನುತ್ತೇವೆ, ಎಸ್‌ಎಸ್‌ಎಲ್ ಅನ್ನುತ್ತೇವೆ, ಕೇಳುವವರು ಹೂಂ ಹೂಂ ಅನ್ನುತ್ತಾರೆ, ನಾವು ಅರ್ಥವಾಯಿತು ಅಂದುಕೊಂಡು ಬಿಲ್ಲಿನಲ್ಲಿ ಬರೆಯುತ್ತೇವೆ. ಬಣ್ಣ ಬದಲಿಸಿ ಸೈಟಿಗೇರಿಸಿದ ದಿನ ಅದೇ ಹುಡುಗ, ಹಳೇ ಬಣ್ಣವೇ ಕಾಣುತ್ತಿದೆ ಎಂದ. ಬ್ರೌಸರು ಒಮ್ಮೆ ನೋಡಿದ ಪುಟವನ್ನು ತನ್ನ ಹತ್ತಿರ ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ, ಆ ದಾಸ್ತಾನಿಗೆ ಕ್ಯಾಶ್ ಅಂತ ಹೆಸರು. "ಕ್ಯಾಶ್ ಕ್ಲಿಯರ್ ಮಾಡಿ ನೋಡಪ್ಪ, ಹೊಸದು ಕಾಣುತ್ತೆ" ಎಂದೆ.

ಆ ಕಡೆ ಮೌನ. ಮೋಟಾರೂ ನಿಂತ ಹಾಗಿತ್ತು.

"ಅಡ್ವಾನ್ಸ್ ಕೊಟ್ಟಿವ್ನಲ್ಲಣ್ಣ. ಬಾಕಿ ಕೆಲ್ಸ ಮುಗಿದ್ಮೇಲೆ ಅಂತ ಮಾತಾಗಿತ್ತಲ್ಲ. ಅಲ್ಲೀಗಂಟ ಹಳೇ ಬಣ್ಣನೇ ತೋರಿಸ್ತೀಯಾ?"

ಎಚ್.ಡಿ. ಕೋಟೆಯ ಹೋಂಸ್ಟೇ ಗಿರಾಕಿ ಇದಕ್ಕೆ ತದ್ವಿರುದ್ಧ, ಎಲ್ಲ ಅರ್ಥವಾಗುವ ಮನುಷ್ಯ. ಕಬಿನಿ ಕಾಡಿನ ಕರಿಚಿರತೆ ಕೆಲವು ವರ್ಷಗಳಿಂದ ಲೋಕಪ್ರಸಿದ್ಧವಾಗಿದೆಯಷ್ಟೆ, ಅದರ ಫೋಟೋ ಮೊದಲ ಪುಟಕ್ಕೆ ಬೇಕೆಂದರು. ಇಂಟರ್‌ನೆಟ್ಟಿನಿಂದ ಇಳಿಸಿಯೂ ಇಟ್ಟಿದ್ದರು. ಆ ಒಂದು ಫೋಟೋಗಾಗಿ ಜೀಪಿನಲ್ಲಿ ವರ್ಷಗಟ್ಟಲೆ ಕಾದವರಿದ್ದಾರೆ, ಅವರನ್ನು ಕೇಳದೆ ಹಾಕಿದರೆ ನೋಟೀಸು ಬರುತ್ತದೆ ಎಂದೆ. ಆಯಿತು, ನಿಮ್ಮ ಹೋಂಸ್ಟೇ ಕಿಟಕಿಯಿಂದ ಏನು ಕಾಣುತ್ತದೆ ಹೇಳಿ, ಅದನ್ನೇ ಹಾಕೋಣ ಎಂದೆ.

"ಹತ್ತಿ ಹೊಲ."

"ಹತ್ತಿ ಹೊಲಕ್ಕೆ ಕರಿಚಿರತೆ ಬರುತ್ತಾ ಸಾರ್?"

"ಬಂದಿದ್ರೆ ನಾನ್ಯಾಕೆ ಅಲ್ಲಿರ್ತಿದ್ದೆ?"

ಕಡೆಗೆ ಹಸಿರು ಬಾಳೆಲೆಯ ಮೇಲೆ ಹಬೆಯಾಡುವ ರಾಗಿಮುದ್ದೆ, ಪಕ್ಕದಲ್ಲಿ ಹಿತಕಿದ ಅವರೆಕಾಳಿನ ಸಾರು, ಅವರ ಮನೆಯವರೇ ಬಡಿಸಿದ್ದು, ಅದನ್ನು ಹೊಡೆದು ಹಾಕಿದೆವು. ಕರಿಚಿರತೆಗಿಂತ ಹೆಚ್ಚು ಜನರನ್ನು ಆ ಮುದ್ದೆ ಕರೆತರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಅವರು ಇನ್ನೂ ಒಪ್ಪಿಲ್ಲ.

ಅವರದೇ ಇನ್ನೊಂದು ಬೇಡಿಕೆ: "ಒಂದ್ ಐದಾರು ಡಿಸೈನ್ ಹಾಸಿ ತೋರ್ಸು, ಸೀರೆ ಅಂಗಡೀಲಿ ತೋರಿಸ್ದಂಗೆ. ನಾವು ಆರಿಸ್ಕೋತೀವಿ." ಇದಕ್ಕೆ ಅಮೆರಿಕದ ಪಾಲ್ ರ್‍ಯಾಂಡ್ ಕೊಟ್ಟ ಉತ್ತರ ನಮ್ಮ ಕಸುಬಿನಲ್ಲಿ ಪುರಾಣವಾಗಿದೆ. 1986ರಲ್ಲಿ ಸ್ಟೀವ್ ಜಾಬ್ಸ್ ತನ್ನ ಹೊಸ ಕಂಪನಿ ನೆಕ್ಸ್ಟ್‌ಗೆ ಲೋಗೋ ಮಾಡಿಕೊಡಿ, ಕೆಲವು ನಮೂನೆ ತೋರಿಸಿ ಎಂದು ಕೇಳಿದರಂತೆ. ರ್‍ಯಾಂಡ್ ಒಪ್ಪಲಿಲ್ಲ. ಒಂದೇ ಮಾಡಿಕೊಡುತ್ತೇನೆ, ಬಳಸಿದರೂ ಬಿಟ್ಟರೂ ದುಡ್ಡು ಕೊಡಬೇಕು, ಹಲವು ನಮೂನೆ ಬೇಕಿದ್ದರೆ ಬೇರೆಯವರ ಹತ್ತಿರ ಹೋಗಿ ಎಂದರು. ಜಾಬ್ಸ್ ಒಪ್ಪಿ ಒಂದು ಲಕ್ಷ ಡಾಲರ್ ಕೊಟ್ಟರು. ಲೋಗೋದ ಜೊತೆಗೆ ಅದು ಯಾಕೆ ಹಾಗಿದೆ ಎಂದು ವಿವರಿಸುವ ನೂರು ಪುಟದ ಪುಸ್ತಕವನ್ನೂ ರ್‍ಯಾಂಡ್ ಮಾಡಿಕೊಟ್ಟಿದ್ದರು.

ಈ ಕಥೆ ಓದಿ ಉಬ್ಬಿದ ಹುಡುಗರಿಗೆ ನನ್ನದೊಂದು ಕಿವಿಮಾತು. ನಮ್ಮ ಕಡೆ ಬೇರೆಯವರ ಹತ್ತಿರ ಹೋಗಿ ಅಂದರೆ ನಿಜವಾಗಿಯೂ ಹೋಗುತ್ತಾರೆ, ಹುಣಸೂರು ದೂರವೇನಲ್ಲ. ಆದರೂ ಆ ನೂರು ಪುಟದ ಮೇಲೆ ನನಗೆ ಗೌರವ. ದುಡ್ಡಿನ ಜಂಬವನ್ನು ಎಲ್ಲರೂ ನೆನಪಿಡುತ್ತಾರೆ, ಯಾಕೆ ಹೀಗೆ ಎಂದು ಕೂತು ಹೇಳಿದ್ದನ್ನು ಮರೆಯುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡಿದ್ದ ಆರ್.ಕೆ. ನಾರಾಯಣರು 1976ರಲ್ಲಿ ಬರೆದ 'ದಿ ಪೇಂಟರ್ ಆಫ್ ಸೈನ್ಸ್' ಕಾದಂಬರಿಯ ರಾಮನ್ ಬೋರ್ಡ್ ಬರೆಯುವವನು. ಅಕ್ಷರದ ಮೇಲೆ ಅವನಿಗಿರುವ ಅಭಿಮಾನ, ಗಿರಾಕಿಗಳೊಡನೆ ಅವನ ಕೊಸರಾಟ ಓದಿದರೆ ಬ್ರಷ್ ಹೋಗಿ ಮೌಸ್ ಬಂದದ್ದು ಬಿಟ್ಟರೆ ಬೇರೇನೂ ಆಗಿಲ್ಲ ಅನ್ನಿಸುತ್ತದೆ.

ಈಗ ಒಂದು ಫೋನ್ ನಂಬರಿನ ವಿಷಯ ಹೇಳಲೇಬೇಕು. ಗಿರಣಿ ಗೌಡರದು ಎಲ್ಲ ಮುಗಿದರೂ ಒಂದೇ ಹಟ. "ಫೋನ್ ನಂಬರು ಒಸಿ ದೊಡ್ದು ಮಾಡಪ್ಪಾ." ದೊಡ್ಡದು ಮಾಡಿದೆ. "ಇನ್ನೊಸಿ." ಮಾಡಿದೆ. "ಇನ್ನೊಸಿ." ಲೋಗೋ ದೊಡ್ಡದು ಮಾಡಿ ಎನ್ನುವ ಗಿರಾಕಿಯನ್ನು ಆಡಿಕೊಳ್ಳುವುದು ಜಗತ್ತಿನ ಡಿಸೈನರುಗಳೆಲ್ಲರ ಹಳೇ ಚಟ, ನಾನೂ ಆಡಿಕೊಂಡವನೇ. ಮುಟ್ಟಿದರೆ ಕಾಲ್ ಹೋಗುತ್ತದೆ ಗೌಡ್ರೇ, ಓದುವ ಅಗತ್ಯವೇ ಇಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅವರಿಗೆ ಸಮಾಧಾನವಿಲ್ಲ. ಯಾಕೆ ಎಂದು ಕೇಳಿದರೆ "ಕಾಣಾಕಿಲ್ಲ ಕಣಪ್ಪ" ಎನ್ನುತ್ತಾರೆ. ಯಾರಿಗೆ ಕಾಣುವುದಿಲ್ಲ ಎಂದು ಕೇಳಿದ್ದಕ್ಕೆ, "ಬಾ ತೋರಿಸ್ತೀನಿ" ಎಂದು ಗಿರಣಿಯ ಅಂಗಳಕ್ಕೆ ಕರೆದುಕೊಂಡು ಹೋದರು.

ತೌಡಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಕೇರಳದ ಲಾರಿಯ ನೆರಳಿನಲ್ಲಿ ಡ್ರೈವರು, ಕ್ಲೀನರು ಕೂತಿದ್ದರು. ದೊಡ್ಡ ಫೋನು ಕ್ಲೀನರ್ ಹುಡುಗನದು, ಪರದೆ ಜೇಡರ ಬಲೆಯಾಗಿ ಒಡೆದಿತ್ತು. ಡ್ರೈವರದ್ದು ಒತ್ತುವ ಗುಂಡಿಗಳ ಹಳೇ ಫೋನು, ಧೂಳು ಹೋಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು. ಹುಡುಗ ತನ್ನ ಫೋನನ್ನು ಎತ್ತಿ ತೋರಿಸಿ ಹಿಡಿಯುತ್ತಾನೆ, ಡ್ರೈವರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು ಮಾರುದೂರದಿಂದ ಒಂದೊಂದೇ ಅಂಕಿ ನೋಡಿ ತನ್ನ ಫೋನಿನಲ್ಲಿ ಒತ್ತುತ್ತಾನೆ. ಕಾಲ್ ಮಾಡಲು ಕರೆನ್ಸಿ ಇರುವುದು ಆ ಫೋನಿನಲ್ಲಿ. ನೋಡುವ ಫೋನೇ ಬೇರೆ, ಮಾತಾಡುವ ಫೋನೇ ಬೇರೆ. ಈ ಸಂಗತಿ ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇಲ್ಲ. ನಡುವೆ ಪರದೆ ಆರಿಹೋದರೆ ಹುಡುಗನಿಗೊಂದು ಮಲಯಾಳದ ಬೈಗುಳ.

ಅಲ್ಲೇ ಕಟ್ಟೆಯ ಮೇಲೆ ಕೂತು ನಂಬರನ್ನು ಐದು ಐದು ಅಂಕಿಯಾಗಿ ಒಡೆದೆ, ಬಿಳಿಯ ಮೇಲೆ ಕಡುಗಪ್ಪು ಮಾಡಿ ಪುಟದ ನೆತ್ತಿಗೆ ಏರಿಸಿದೆ. ಡ್ರೈವರಣ್ಣ ಒಂದೇ ಉಸಿರಿಗೆ ಒತ್ತಿ ಮುಗಿಸಿದ. ಗೌಡರ ಜೇಬಿನಲ್ಲಿ ಫೋನ್ ಹಾಡಿತು. "ನೋಡ್ದಾ?" ಎನ್ನುವ ಹಾಗೆ ಅವರು ನನ್ನನ್ನು ನೋಡಿದರು, ಫೋನ್ ಎತ್ತಲಿಲ್ಲ. ಎದುರಿಗೆ ಕೂತವನ ಕಾಲಿಗೆ ಯಾಕೆ ಎತ್ತಬೇಕು?

ಅಂದಿನಿಂದ ಗಿರಾಕಿ "ದೊಡ್ದು ಮಾಡು" ಎಂದರೆ ನಾನು ಮೌಸಿಗೆ ಕೈ ಹಾಕುವ ಮೊದಲು ಯಾರಿಗೆ ಕಾಣಲಿಲ್ಲ ಎಂದು ಕೇಳುತ್ತೇನೆ. ಅರ್ಧದಷ್ಟು ಸಲ ಉತ್ತರ ಸಿಗುತ್ತದೆ. ಉ‍ಳಿದರ್ಧ ಸಲ ಉತ್ತರ ಒಂದೇ, ಭಾಮೈದ.

ಈ ಭಾಮೈದನನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಎಲ್ಲ ಗಿರಾಕಿಗಳಿಗೂ ಒಬ್ಬನಿದ್ದಾನೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಕೆಲಸವೆಲ್ಲ ಮುಗಿದು ಎಲ್ಲರೂ ಒಪ್ಪಿ, ಸಿಹಿ ಹಂಚಿದ ಮೇಲೆ ಅವನಿಗೆ ಲಿಂಕ್ ಹೋಗುತ್ತದೆ. ಅವನು "ಓಕೆ, ಬಟ್" ಎಂದು ಬರೆಯುತ್ತಾನೆ. ಆ ಬಟ್ ಏನು ಎಂಬುದನ್ನು ಬರೆಯುವುದಿಲ್ಲ. ಗಿರಾಕಿ ಆ ಬಟ್ಟನ್ನು ಹಾಗೇ ತಂದು ನನ್ನ ಮೇಜಿನ ಮೇಲಿಡುತ್ತಾನೆ. ಇತ್ತೀಚೆಗೆ ಭಾಮೈದ ಇನ್ನೂ ಒಂದು ಕಲಿತಿದ್ದಾನೆ: "ಇದನ್ನ ಎಐ ಐದು ನಿಮಿಷದಲ್ಲಿ ಮಾಡುತ್ತೆ ಭಾವ." ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಗಾಜಿನ ಮೇಲಿನ ಫ್ಲ್ಯಾಶ್ ಬೊಟ್ಟನ್ನು ಅಪ್ಪನ ಮೂಗಿನಿಂದ ತೆಗೆಯಲು ಹೇಳಿ ನೋಡಿ, ಅದು ಅಪ್ಪನಿಗೆ ಬೇರೆ ಮೂಗೇ ಇಡುತ್ತದೆ. ಆ ಮೂಗಿನೊಂದಿಗೆ ತಿಥಿಗೆ ಹೇಗೆ ಕೂರುವುದು?

ದುಡ್ಡಿನ ಮಾತು ಚುಟುಕಾಗಿ ಮುಗಿಸುತ್ತೇನೆ, ಅದು ಬರುವುದೂ ಚುಟುಕಾಗಿಯೇ. ನಮ್ಮ ಕಡೆ ಬಾಕಿಗೆ ತಿಂಗಳಿಲ್ಲ, ಬೆಳೆಯಿದೆ. ಭತ್ತದವರದು ಕೊಯ್ಲಾದ ಮೇಲೆ. ಹೊಗೆಸೊಪ್ಪಿನವರದು ಬ್ಯಾರನ್ ಇಳಿದು, ತಂಬಾಕು ಮಂಡಳಿಯ ಹರಾಜು ಶುರುವಾಗಿ, ರೇಟು ಏರಿದ ಮೇಲೆ. ರೇಟು ಬಿದ್ದರೆ ಗಿರಾಕಿಯ ಮುಖ ನೋಡಿ ನಾವೇ ಸುಮ್ಮನಾಗುತ್ತೇವೆ. ವರ್ಷಕ್ಕೊಮ್ಮೆ ಡೊಮೇನಿನ ಹೆಸರಿಗೆ ಕಟ್ಟಬೇಕಾದ ದುಡ್ಡನ್ನು ಕೇಳುವುದು ಇನ್ನೂ ಕಷ್ಟ, "ಒಂದ್ಸಲ ಕೊಂಡ್ಕೊಂಡ್ ಮೇಲೆ ಇನ್ನೆಂತದ್ದು?" ಎನ್ನುತ್ತಾರೆ. ಕಂದಾಯ ಅಂದುಕೊಳ್ಳಿ ಎಂದರೆ ಗೌಡರಂಥವರು ತಲೆಯಾಡಿಸಿ ಕೊಡುತ್ತಾರೆ, ರಸೀದಿ ಕೇಳಿ ಪಡೆಯುತ್ತಾರೆ.

ಟ್ರ್ಯಾಕ್ಟರ್ ಹುಡುಗ ಮೊನ್ನೆ ರಾತ್ರಿ ಫೋನ್ ಮಾಡಿದ. ಹರಾಜಿನಲ್ಲಿ ಒಳ್ಳೇ ರೇಟು ಸಿಕ್ಕಿತಂತೆ, ದನಿಯಲ್ಲೇ ಗೊತ್ತಾಗುತ್ತಿತ್ತು. ಬಾಕಿ ದುಡ್ಡು ಫೋನ್‌ಪೇ ಮಾಡಿದ್ದೇನೆ, ನೋಡಿಕೋ ಎಂದ. ನೋಡಿದೆ. ಬಂದಿರಲಿಲ್ಲ. ಮತ್ತೆ ನೋಡಿದೆ.

"ಬಂದಿಲ್ವಲ್ಲಪ್ಪಾ."

"ಬಂದಿರ್ತದೆ ಅಣ್ಣ. ನಿನ್ ಫೋನ್ಲಿ ಹಳೇದೇ ತೋರಿಸ್ತಿರ್ಬೇಕು. ಒಸಿ ಕ್ಯಾಶ್ ಕ್ಲಿಯರ್ ಮಾಡಿ ನೋಡು."